ಶನಾಸ್‌ನಾಮೆ: ಮರಿಯಮ್ ಮಿರ್ಜಾಖಾನಿ ನೆನಪಿನ ಕುರಿತು ಒಂದು ಟಿಪ್ಪಣಿ

2014ರ ಆಗಸ್ಟ್ 13ರಂದು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಗಣಿತಜ್ಞೆ ಮರಿಯಮ್ ಮಿರ್ಜಾಖಾನಿ ಅವರಿಗೆ ಗಣಿತದ ಫೀಲ್ಡ್ಸ್ ಪದಕ ಬಂತು. 1936ರಲ್ಲಿ ಶುರುವಾದ ಆ ಪದಕ ಅಲ್ಲಿಯವರೆಗೆ ಒಬ್ಬ ಹೆಂಗಸಿಗೂ ಸಂದಿರಲಿಲ್ಲ, ಇರಾನಿನ ಯಾರಿಗೂ ಸಂದಿರಲಿಲ್ಲ. ಟೆಹರಾನಿನ ಪತ್ರಿಕಾ ಕಚೇರಿಗಳಿಗೆ ಸುದ್ದಿಯೇನೋ ಸಂತೋಷದ್ದೇ. ತೊಡಕು ಇದ್ದದ್ದು ಪಟದಲ್ಲಿ. ಜಗತ್ತಿನೆಲ್ಲೆಡೆ ಓಡಾಡುತ್ತಿದ್ದ ಪಟಗಳಲ್ಲಿ ಅವರ ತಲೆಯ ಮೇಲೆ ಬಟ್ಟೆ ಇರಲಿಲ್ಲ, ಗಿಡ್ಡಕ್ಕೆ ಕತ್ತರಿಸಿದ ಕೂದಲು ಕಾಣುತ್ತಿತ್ತು. ಕೆಲವು ಪತ್ರಿಕೆಗಳು ಕಂಪ್ಯೂಟರಿನಲ್ಲಿ ತಲೆವಸ್ತ್ರ ಹೊದಿಸಿದವು. ಕೆಲವು ಮುಖವನ್ನಷ್ಟೇ ಉಳಿಸಿಕೊಂಡವು. ಅಂದಿನ ಅಧ್ಯಕ್ಷ ಹಸನ್ ರೂಹಾನಿ ಟ್ವಿಟರಿನಲ್ಲಿ ಅಭಿನಂದಿಸುವಾಗ ಎರಡು ಪಟಗಳನ್ನು ಅಕ್ಕಪಕ್ಕ ಇಟ್ಟರು: ಒಂದು ತಲೆವಸ್ತ್ರದ್ದು, ಇನ್ನೊಂದು ಅದಿಲ್ಲದ್ದು.

2017ರ ಜುಲೈ 14ರಂದು, ನಲವತ್ತನೆಯ ವಯಸ್ಸಿನಲ್ಲಿ, ಮರಿಯಮ್ ಕ್ಯಾಲಿಫೋರ್ನಿಯಾದಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಈ ಸಲ 'ಹಮ್‌ಶಹರಿ' ಸೇರಿದಂತೆ ಕೆಲವು ಇರಾನಿ ಪತ್ರಿಕೆಗಳು ಅವರ ಬರಿದಲೆಯ ಪಟವನ್ನೇ ಮುಖಪುಟದಲ್ಲಿ ಅಚ್ಚು ಮಾಡಿದವು. ರೂಹಾನಿಯವರೂ ಹಾಗೆಯೇ ಮಾಡಿದರು. ಹೊರಗಿನ ವರದಿಗಾರರು ಇದನ್ನು ಕಟ್ಟಳೆ ಮುರಿದ ಘಟನೆಯೆಂದು ಬರೆದರು. ಮುರಿದದ್ದು ನಿಜ. ಆದರೆ ಸತ್ತವರಿಗೆ ಸಲ್ಲಿಸಿದ ಈ ವಿನಾಯಿತಿಯನ್ನು ಬದುಕಿದ್ದವರ ಸ್ಥಿತಿಗೆ ಅಳತೆಗೋಲಾಗಿ ಹಿಡಿಯುವುದು ಸರಿಯಲ್ಲ ಎಂಬ ಎಚ್ಚರ ನನಗಿದೆ. ಮೂರು ವರ್ಷಗಳ ಅಂತರದ ಈ ಎರಡು ಮುಖಪುಟಗಳನ್ನು ನಾನು ಬೇರೊಂದು ಕಾರಣಕ್ಕೆ ಜೊತೆಗಿಟ್ಟಿದ್ದೇನೆ. ಎರಡರಲ್ಲೂ ಪ್ರಶ್ನೆ ಒಂದೇ: ಹೊರಗೆ ಹೋದ ಹೆಣ್ಣುಮಗಳು ಯಾರವಳು?

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಲಾವಣೆಯಲ್ಲಿವೆ. ಒಂದು, ಕಟ್ಟುಪಾಡಿನ ದೇಶದಿಂದ ತಪ್ಪಿಸಿಕೊಂಡು ಸ್ವತಂತ್ರ ದೇಶದಲ್ಲಿ ಅರಳಿದವಳು ಎಂಬುದು. ಇನ್ನೊಂದು, ಎಲ್ಲಿದ್ದರೂ ಇರಾನಿನ ಮಗಳೇ ಎಂಬುದು. ಮೊದಲನೆಯದನ್ನು ಅಮೆರಿಕದ ಪತ್ರಿಕೆಗಳ ಶ್ರದ್ಧಾಂಜಲಿಗಳಲ್ಲಿ, ಎರಡನೆಯದನ್ನು ಇರಾನಿನ ಸರ್ಕಾರಿ ಸಂದೇಶಗಳಲ್ಲಿ ಕಾಣಬಹುದು. ದಾಖಲೆಗಳನ್ನು ಸಾಲಾಗಿ ಇಟ್ಟು ಓದಿದರೆ ಎರಡೂ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಮರಿಯಮ್ ದೇಶ ಬಿಟ್ಟ ಬಗೆ ತೀರ ಸಾಮಾನ್ಯವಾದದ್ದು. ಗಡಿಯೆಂಬುದು ಅವರ ಬದುಕಿನಲ್ಲಿ ತಡವಾಗಿ ಎದ್ದು ನಿಂತಿತು, ಅದೂ ಅವರ ಕಾಲಿಗಲ್ಲ, ಮಗಳ ಕಾಗದಪತ್ರಕ್ಕೆ ಅಡ್ಡವಾಗಿ.

ಓದುಬರಹ ಬಲ್ಲವರು ದೇಶ ಬಿಡುವುದಕ್ಕೆ ಫಾರ್ಸಿಯಲ್ಲಿ 'ಫರಾರ್-ಎ ಮಗ್ಜ್‌ಹಾ' ಎಂಬ ನುಡಿಗಟ್ಟಿದೆ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳುವ ಶ್ರಮವೇ ಬೇಕಿಲ್ಲ. ನಮ್ಮ ಪೊಲೀಸ್ ಠಾಣೆಯ 'ಫರಾರಿ' ಅಲ್ಲಿದೆ, ತಲೆಯೊಳಗಿನ 'ಮಗಜು' ಕೂಡ ಅಲ್ಲಿದೆ. ಮಿದುಳುಗಳ ಪರಾರಿ. ನುಡಿಯಲ್ಲೇ ಒಂದು ಆರೋಪ ಅಡಗಿರುವುದನ್ನು ಗಮನಿಸಬೇಕು. ಪರಾರಿಯಾಗುವವನು ಏನನ್ನೋ ಕದ್ದೊಯ್ದವನು, ಇಲ್ಲವೇ ಯಾರಿಗೋ ಹೆದರಿದವನು. ಮರಿಯಮ್ ಇವೆರಡರಲ್ಲಿ ಯಾವುದೂ ಆಗಿರಲಿಲ್ಲ.

ಅವರು ಹುಟ್ಟಿದ್ದು 1977ರ ಮೇ 12ರಂದು, ಟೆಹರಾನಿನಲ್ಲಿ. ಇರಾಕಿನೊಂದಿಗಿನ ಯುದ್ಧ 1988ರಲ್ಲಿ ನಿಂತಾಗ ಪ್ರಾಥಮಿಕ ಶಾಲೆ ಮುಗಿಸುವ ಹಂತದಲ್ಲಿದ್ದರು. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಈ ಅವಕಾಶಗಳು ತನಗೆ ದಕ್ಕುತ್ತಿರಲಿಲ್ಲ ಎಂದು ಮುಂದೆ ಅವರೇ ಹೇಳಿದ್ದಾರೆ. ಚಿಕ್ಕವರಿದ್ದಾಗ ಸಿಕ್ಕ ಪುಸ್ತಕವನ್ನೆಲ್ಲ ಓದುತ್ತ, ದೊಡ್ಡವಳಾದ ಮೇಲೆ ಬರಹಗಾರ್ತಿ ಆಗುತ್ತೇನೆಂದುಕೊಂಡಿದ್ದರು. ಗಣಿತದ ಮೊದಲ ರುಚಿ ಹತ್ತಿಸಿದ್ದು ಅಣ್ಣ: ಒಂದರಿಂದ ನೂರರವರೆಗಿನ ಸಂಖ್ಯೆಗಳನ್ನು ಬಾಲಕ ಗೌಸ್ ಕ್ಷಣದಲ್ಲಿ ಕೂಡಿ 5050 ಎಂದ ಕತೆಯನ್ನು ಶಾಲೆಯಿಂದ ಬಂದು ತಂಗಿಗೆ ಹೇಳಿದನಂತೆ.

ಪ್ರತಿಭಾವಂತ ಹುಡುಗಿಯರಿಗೆಂದೇ ಇರುವ ಫರ್ಜಾನೆಗಾನ್ ಶಾಲೆಗೆ ಅವರು ಪ್ರವೇಶ ಪರೀಕ್ಷೆ ಬರೆದು ಸೇರಿದರು. ಮೊದಲ ವರ್ಷದ ಗಣಿತ ಅಷ್ಟಕ್ಕಷ್ಟೆ. ಇಪ್ಪತ್ತಕ್ಕೆ ಹದಿನಾರು ಬಂದ ಉತ್ತರಪತ್ರಿಕೆಯನ್ನು ಹರಿದು ಚೀಲಕ್ಕೆ ತುರುಕಿಕೊಂಡ ಪ್ರಸಂಗ ದಾಖಲಾಗಿದೆ. ಆಗಿನ ಗಣಿತದ ಅಧ್ಯಾಪಕಿಗೆ ಈ ಹುಡುಗಿಯಲ್ಲಿ ವಿಶೇಷವೇನೂ ಕಂಡಿರಲಿಲ್ಲ. ಮರುವರ್ಷ ಬೇರೆ ಅಧ್ಯಾಪಕರು, ಬೇರೆ ಉತ್ಸಾಹ. ಪಕ್ಕದ ಬೆಂಚಿನ ಗೆಳತಿ ರೋಯಾ ಬೆಹೆಶ್ತಿ ಮುಂದೆ ತಾವೂ ಗಣಿತಜ್ಞೆಯಾದರು. ಶಾಲೆಯ ಹತ್ತಿರದ ಬೀದಿಯ ತುಂಬ ಪುಸ್ತಕದಂಗಡಿಗಳು. ನಿಂತು ಪುಟ ತಿರುವಿದರೆ ಅಂಗಡಿಯವರು ಸುಮ್ಮನಿರುತ್ತಿರಲಿಲ್ಲವಾದ್ದರಿಂದ ಇಬ್ಬರೂ ಕೈಗೆ ಬಂದದ್ದನ್ನು ಕೊಂಡುಬಿಡುತ್ತಿದ್ದರು.

ಇಲ್ಲಿ ಒಬ್ಬರನ್ನು ಮರೆಯಬಾರದು, ಶಾಲೆಯ ಪ್ರಾಂಶುಪಾಲೆ. ಗೆಳತಿಯರಿಬ್ಬರೂ ಒಲಿಂಪಿಯಾಡ್ ಲೆಕ್ಕಗಳ ಬೆನ್ನುಬಿದ್ದು, ಹುಡುಗರ ಶಾಲೆಯಲ್ಲಿರುವ ತರಬೇತಿ ತಮಗೂ ಬೇಕು ಎಂದು ಅವರ ಬಾಗಿಲು ತಟ್ಟಿದರು. ಇರಾನಿನ ಗಣಿತ ಒಲಿಂಪಿಯಾಡ್ ತಂಡದಲ್ಲಿ ಅದುವರೆಗೆ ಹುಡುಗಿಯರೇ ಇರಲಿಲ್ಲ. ಇಲ್ಲದಿದ್ದರೇನು, ಮೊದಲಿಗರು ನೀವಾಗಬಹುದು ಎಂಬ ಧೋರಣೆ ಆಕೆಯದು, ತರಗತಿ ಶುರುವಾಯಿತು. 1994ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮರಿಯಮ್ 42ಕ್ಕೆ 41 ಅಂಕದೊಂದಿಗೆ ಚಿನ್ನ ಗೆದ್ದರು, 1995ರಲ್ಲಿ ಟೊರಾಂಟೊದಲ್ಲಿ 42ಕ್ಕೆ 42. ಶ್ರದ್ಧಾಂಜಲಿಗಳು ಈ ಅಂಕಗಳನ್ನು ತಪ್ಪದೆ ಹೇಳುತ್ತವೆ. ಪ್ರಾಂಶುಪಾಲೆ ಕೊಠಡಿಯ ಬಾಗಿಲು ತೆರೆದದ್ದನ್ನು ಹೇಳುವವು ಕಡಿಮೆ. ಎರಡನೆಯದಿಲ್ಲದೆ ಮೊದಲನೆಯದಿಲ್ಲ.

ಮುಂದೆ ಟೆಹರಾನಿನ ಶರೀಫ್ ತಾಂತ್ರಿಕ ವಿಶ್ವವಿದ್ಯಾಲಯ. 1999ರಲ್ಲಿ ಪದವಿ ಮುಗಿಯುವ ಹೊತ್ತಿಗೆ ಅವರ ಹೆಸರಿನಲ್ಲಿ ಮೂರು ಪ್ರಕಟಿತ ಲೇಖನಗಳಿದ್ದವು. ಅದರಲ್ಲೊಂದು 63 ಶೃಂಗಗಳ ಒಂದು ನಕ್ಷೆ. ಸಮತಲ ನಕ್ಷೆಗೆ ಬಣ್ಣ ತುಂಬುವ ಸಮಸ್ಯೆಯೊಂದಕ್ಕೆ ಅದುವರೆಗೆ ತಿಳಿದಿದ್ದಕ್ಕಿಂತ ಚಿಕ್ಕ ಪ್ರತಿ-ಉದಾಹರಣೆ. ಬೆಹೆಶ್ತಿಯವರ ಜೊತೆಗೂಡಿ ಸಂಖ್ಯಾಸಿದ್ಧಾಂತದ ಲೆಕ್ಕಗಳ ಪುಸ್ತಕವೊಂದನ್ನು ಫಾರ್ಸಿಯಲ್ಲಿ ಬರೆದರು. 1998ರಲ್ಲಿ ಅಹವಾಜ್‌ನ ಗಣಿತ ಸ್ಪರ್ಧೆ ಮುಗಿಸಿ ವಿದ್ಯಾರ್ಥಿಗಳು ಮರಳುತ್ತಿದ್ದ ಬಸ್ಸು ಕಂದಕಕ್ಕೆ ಉರುಳಿತು. ಜೊತೆಯವರು ಹಲವರು ಸತ್ತರು. ಮರಿಯಮ್ ಬದುಕಿದರು.

ಅವರು ದೇಶ ಬಿಟ್ಟದ್ದು ಪದವಿ ಮುಗಿಸಿದ ಮೇಲೆ. ಶರೀಫ್‌ನಲ್ಲಿ ಚೆನ್ನಾಗಿ ಓದಿದವರು ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವುದು ನಮ್ಮ ಐಐಟಿಗಳ ಹುಡುಗರು ಹಾಕುವಷ್ಟೇ ರೂಢಿ. 'ತಪ್ಪಿಸಿಕೊಂಡಳು' ಎಂಬ ಕತೆ ಇಲ್ಲಿಯೇ ಕುಸಿಯುತ್ತದೆ. ಇರಾನಿನಲ್ಲಿ ಹೆಣ್ಣಾಗಿಯೂ ತಾನು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ ಎಂಬುದನ್ನು ಅಮೆರಿಕದಲ್ಲಿ ಪದೇ ಪದೇ ವಿವರಿಸಬೇಕಾಗಿ ಬಂದುದನ್ನು ಸಂದರ್ಶನವೊಂದರಲ್ಲಿ ಅವರು ಹೇಳಿಕೊಂಡಿದ್ದಾರೆ. ಹೋಲಿಕೆಗೆ ಒಂದು ಉದಾಹರಣೆ ಕೈಯಲ್ಲೇ ಇದೆ. 2018ರಲ್ಲಿ ಫೀಲ್ಡ್ಸ್ ಪದಕ ಪಡೆದ ಕೌಚೆರ್ ಬಿರ್ಕರ್ ಇರಾನಿನ ಕುರ್ದಿ ಭಾಗದ ಮರೀವಾನದವರು, ಟೆಹರಾನಿನಲ್ಲಿ ಓದಿದವರು. ಅವರು ಬ್ರಿಟನ್ನಿನಲ್ಲಿ ಆಶ್ರಯ ಬೇಡಿ ನೆಲೆಸಿದರು. ಆಶ್ರಯ ಬೇಡಿದವರ ದಾರಿಗೂ ಪ್ರವೇಶಪತ್ರ ಹಿಡಿದು ವಿಮಾನ ಹತ್ತಿದವರ ದಾರಿಗೂ ಒಂದೇ ಹೆಸರಿಡುವುದು ಇಬ್ಬರಿಗೂ ಮಾಡುವ ಅನ್ಯಾಯ.

ಡಾಕ್ಟರೇಟ್ ಓದಲು ಸೇರಿದ ಹಾರ್ವರ್ಡಿನಲ್ಲಿ ಮರಿಯಮ್ ಗಣಿತಜ್ಞ ಕರ್ಟಿಸ್ ಮೆಕ್‌ಮಲೆನ್ ಅವರ ಗೋಷ್ಠಿಗೆ ಹೋಗಿ ಕೂರತೊಡಗಿದರು. ಆರಂಭದಲ್ಲಿ ಹೆಚ್ಚೇನೂ ಅರ್ಥವಾಗದಿದ್ದರೂ ವಿಷಯದ ಚೆಲುವು ಹಿಡಿದಿಟ್ಟಿತು. ಪ್ರಶ್ನೆ ಕೇಳುತ್ತಿದ್ದುದು ಇಂಗ್ಲಿಷಿನಲ್ಲಿ, ಟಿಪ್ಪಣಿ ಬರೆದುಕೊಳ್ಳುತ್ತಿದ್ದುದು ಫಾರ್ಸಿಯಲ್ಲಿ. ನನ್ನ ಮಟ್ಟಿಗೆ ಅವರ ವಲಸೆಯ ಕುರಿತು ಇದಕ್ಕಿಂತ ನಂಬಲರ್ಹ ಸಾಕ್ಷ್ಯ ಇನ್ನೊಂದಿಲ್ಲ: ಬಲಗಡೆಯಿಂದ ಎಡಕ್ಕೆ ಓಡುವ ವಾಕ್ಯಗಳು, ನಡುವೆ ಎಡದಿಂದ ಬಲಕ್ಕೆ ಓಡುವ ಸಮೀಕರಣಗಳು. ಮೆಕ್‌ಮಲೆನ್ ನೆನೆಯುವಂತೆ, ಮರಿಯಮ್ ಅವರ ಕೊಠಡಿಗೆ ಬಂದು, ತಮ್ಮ ತಲೆಯಲ್ಲಿ ಕಟ್ಟಿಕೊಂಡ ಒಂದು ಚಿತ್ರವನ್ನು ಕತೆಯಂತೆ ವರ್ಣಿಸಿ, ಕಡೆಗೆ ಇದು ಸರಿಯೇ ಎಂದು ಕೇಳುತ್ತಿದ್ದರು. ಬರಹಗಾರ್ತಿಯಾಗಬೇಕೆಂದಿದ್ದ ಹುಡುಗಿ ಇನ್ನೂ ಒಳಗಿದ್ದಳು ಎಂದು ಹೇಳುವ ಆಸೆ ಯಾರಿಗೂ ಆಗುತ್ತದೆ. ಗಣಿತ ಮಾಡುವುದನ್ನು ಕಾದಂಬರಿ ಬರೆಯುವುದಕ್ಕೆ, ಪಾತ್ರಗಳ ಪರಿಚಯ ಮೆಲ್ಲಗೆ ಮಾಡಿಕೊಳ್ಳುವುದಕ್ಕೆ ಹೋಲಿಸಿದ್ದು ಅವರೇ ಆದ್ದರಿಂದ ನಾನು ಅದನ್ನು ತಡೆಯುವುದಿಲ್ಲ.

2004ರ ಅವರ ಪ್ರಬಂಧದ ವಿಷಯವನ್ನು ಅಡುಗೆಮನೆಯ ನೆರವಿನಿಂದ ಹೇಳಬಹುದು. ಎರಡು ಉದ್ದಿನ ವಡೆಗಳನ್ನು ಪಕ್ಕಕ್ಕೆ ಅಂಟಿಸಿದರೆ ಎರಡು ತೂತಿನ ಒಂದು ಆಕಾರ ಬರುತ್ತದೆ. ಹಿಟ್ಟನ್ನು ಮರೆತು ಹೊರಮೈಯನ್ನು ಮಾತ್ರ ನೋಡಿ. ಆ ಮೈಯ ಪ್ರತಿಯೊಂದು ಬಿಂದುವೂ ಕುದುರೆಯ ಜೀನಿನಂತೆ ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಬಾಗಿದೆ ಎಂದು ಭಾವಿಸಬೇಕು. ನಮ್ಮ ಮೂರು ಆಯಾಮದ ಜಗತ್ತಿನಲ್ಲಿ ಇದನ್ನು ಸರಿಯಾಗಿ ಕಟ್ಟಿ ತೋರಿಸಲು ಆಗದು, ಇದೇ ಅತಿಪರವಲಯ ಜ್ಯಾಮಿತಿಯ ಕಷ್ಟ. ಈಗ ಆ ಮೈಮೇಲೆ ರಬ್ಬರ್ ಬ್ಯಾಂಡು ಹಾಕಿ ಬಿಗಿಯಲು ಬಿಟ್ಟರೆ ಅದು ಸಾಧ್ಯವಾದಷ್ಟು ಚಿಕ್ಕದಾದ ಹಾದಿಯಲ್ಲಿ ನಿಲ್ಲುತ್ತದೆ. ಒಂದು ನಿರ್ದಿಷ್ಟ ಉದ್ದದೊಳಗೆ ಇಂಥ ಎಷ್ಟು ಸುತ್ತುಗಳಿವೆ? ತನ್ನನ್ನೇ ತಾನು ದಾಟುವ ಸುತ್ತುಗಳನ್ನೂ ಸೇರಿಸಿದರೆ ಅವು ಘಾತೀಯವಾಗಿ, ಅಂದರೆ ಕೈಮೀರಿ ಹೆಚ್ಚುತ್ತವೆ; ಇದು ಹಿಂದೆಯೇ ತಿಳಿದಿತ್ತು. ತನ್ನನ್ನು ಎಲ್ಲಿಯೂ ದಾಟದ ಸರಳ ಸುತ್ತುಗಳನ್ನು ಮಾತ್ರ ಎಣಿಸಿದರೆ? ಎರಡು ತೂತಿನ ಮೈಮೇಲೆ ಅವು ಉದ್ದದ ಆರನೆಯ ಘಾತದಂತೆ ಹೆಚ್ಚುತ್ತವೆ ಎಂದು ಮರಿಯಮ್ ನಿಖರವಾಗಿ ತೋರಿಸಿದರು. ಉದ್ದ ಇಮ್ಮಡಿಸಿದರೆ ಎಣಿಕೆ ಸುಮಾರು 64 ಪಟ್ಟಾಗುತ್ತದೆ.

ದಾರಿ ಇನ್ನೂ ಚೆನ್ನ. ಒಂದು ಮೈಮೇಲೆ ಕೂತು ಎಣಿಸುವ ಬದಲು ಅಂಥ ಎಲ್ಲ ಮೈಗಳ ಸಮುಚ್ಚಯವನ್ನೇ ಒಂದು ಜಾಗವೆಂದು ತೆಗೆದುಕೊಂಡು ಅದರ ಗಾತ್ರವನ್ನು ಅಳೆದರು. ಅಳೆಯಲು ಮೈಯನ್ನು ಸುತ್ತಿನ ಗುಂಟ ಕತ್ತರಿಸಬೇಕು. ಕತ್ತರಿಸಿದರೆ ಅಂಚುಳ್ಳ ಚಿಕ್ಕ ಮೈಗಳು ಬರುತ್ತವೆ. ಚಿಕ್ಕವುಗಳ ಗಾತ್ರದಿಂದ ದೊಡ್ಡದರ ಗಾತ್ರ ಹುಟ್ಟುತ್ತದೆ. ಗ್ರೆಗ್ ಮೆಕ್‌ಶೇನ್ ಕಂಡುಹಿಡಿದಿದ್ದ ಒಂದು ಸಮೀಕರಣವನ್ನು ಅವರು ಈ ಕೆಲಸಕ್ಕೆ ಹಿಗ್ಗಿಸಿದರು. ಇದೇ ಹಾದಿಯಲ್ಲಿ ಭೌತವಿಜ್ಞಾನಿ ವಿಟ್ಟನ್ ಅವರ ಊಹೆಗೆ ಹೊಸ ಸಾಧನೆಯೂ ದೊರೆಯಿತು. ಅಂಚು, ಗಡಿ ಎಂಬ ಪದಗಳನ್ನು ಹಿಡಿದು ವಲಸಿಗಳ ಬಾಳಿಗೂ ಆಕೆಯ ಗಣಿತಕ್ಕೂ ಗಂಟು ಹಾಕುವ ಬರಹಗಳನ್ನು ಓದುಗರು ಊಹಿಸಿಕೊಳ್ಳಬಹುದು. ಆ ಚಮತ್ಕಾರ ನನಗೆ ಬೇಡ.

ಬದಲಿಗೆ ಒಂದು ತಿದ್ದುಪಡಿಯ ಕಡೆ ಗಮನ ಸೆಳೆಯುತ್ತೇನೆ. ಎರಡು ತೂತಿನ ವಡೆಯನ್ನು ನಡುವಿನ ಸೊಂಟದಲ್ಲಿ ಕತ್ತರಿಸಿದರೆ ಎರಡು ತುಂಡು. ಒಂದು ತೂತಿನ ಪಕ್ಕದ ತೋಳನ್ನು ಮಾತ್ರ ಕತ್ತರಿಸಿದರೆ ಅದು ಒಂದೇ ತುಂಡಾಗಿ ಉಳಿಯುತ್ತದೆ. ತುಂಬ ಉದ್ದದ ಒಂದು ಸರಳ ಸುತ್ತನ್ನು ಕಣ್ಣುಮುಚ್ಚಿ ಆಯ್ದರೆ ಅದು ಎರಡನೆಯ ಬಗೆಯದಾಗಿರುವ ಸಂಭವ ಮೊದಲನೆಯದಕ್ಕಿಂತ ಆರು ಪಟ್ಟು ಎಂದು 2008ರ 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಲೇಖನದಲ್ಲಿ ಅಚ್ಚಾಯಿತು. ಮುಂದೆ ಬೇರೆ ಗಣಿತಜ್ಞರು ಲೆಕ್ಕವನ್ನು ಮರುಪರಿಶೀಲಿಸಿದಾಗ ಗುಣಾಂಕದಲ್ಲಿ ಸಣ್ಣ ಎಡವಟ್ಟು ಕಂಡಿತು; ಸರಿಯಾದ ಸಂಖ್ಯೆ ಆರಲ್ಲ, 48. ಕಂಪ್ಯೂಟರ್ ಪ್ರಯೋಗಗಳೂ 48ನ್ನೇ ಹೇಳಿದವು. ಪ್ರಮೇಯಕ್ಕೆ ಇದರಿಂದ ಕೂದಲಷ್ಟೂ ಧಕ್ಕೆಯಿಲ್ಲ. ಅವರ ಸೂತ್ರವನ್ನೇ ಬಳಸಿ ಅವರ ಸಂಖ್ಯೆಯನ್ನು ತಿದ್ದಲಾಯಿತು. ಬಿರುದು ಹೊದಿಸಿದ ಶ್ರದ್ಧಾಂಜಲಿಗಿಂತ ಇದು ಹೆಚ್ಚಿನ ಗೌರವವೆಂದು ನಾನು ಎಣಿಸುತ್ತೇನೆ, ಏಕೆಂದರೆ ತಿದ್ದಿದವರು ಲೇಖನವನ್ನು ಸಾಲುಸಾಲಾಗಿ ಓದಿದ್ದರು.

'ಮಿಂಚಿನ ಪ್ರತಿಭೆ' ಎಂಬ ಮಾತೂ ಅವರಿಗೆ ಒಪ್ಪುವುದಿಲ್ಲ. ತಾನು ನಿಧಾನಿ ಎಂದು ಅವರೇ ಹೇಳಿಕೊಂಡವರು. ನೆಲದ ಮೇಲೆ ದೊಡ್ಡ ಹಾಳೆಗಳನ್ನು ಹಾಸಿ, ಮೊಣಕಾಲೂರಿ, ಒಂದೇ ಬಗೆಯ ಚಿತ್ರವನ್ನು ಗಂಟೆಗಟ್ಟಲೆ ಗೀಚುತ್ತಿದ್ದರು. ಅಮ್ಮ ಬಣ್ಣದ ಚಿತ್ರ ಬರೆಯುತ್ತಿದ್ದಾಳೆಂದು ಪುಟ್ಟ ಮಗಳು ತಿಳಿದಿದ್ದಳು. ಗಣಿತಜ್ಞ ಅಲೆಕ್ಸ್ ಎಸ್ಕಿನ್ ಅವರೊಂದಿಗಿನ ದೊಡ್ಡ ಕೆಲಸಕ್ಕೆ ವರ್ಷಗಳೇ ಹಿಡಿದವು. ಇನ್ನೂರು ಪುಟ ಮೀರಿದ ಆ ಲೇಖನ ನಿಯತಕಾಲಿಕದಲ್ಲಿ ಅಚ್ಚಾದದ್ದು 2018ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದರ ಒಂದು ಫಲ ಹೀಗಿದೆ: ಗೋಡೆಗಳೆಲ್ಲ ಕನ್ನಡಿಯಾದ, ಮೂಲೆಯ ಕೋನಗಳು ಸರಿಯಾದ ಭಿನ್ನರಾಶಿಯಲ್ಲಿರುವ ಕೋಣೆಯಲ್ಲಿ ಎಲ್ಲಿ ದೀಪ ಹಚ್ಚಿಟ್ಟರೂ, ಎಣಿಕೆಗೆ ಸಿಗುವ ಕೆಲವೇ ಬಿಂದುಗಳನ್ನು ಬಿಟ್ಟು ಕೋಣೆಯೆಲ್ಲ ಬೆಳಗುತ್ತದೆ. ಇದನ್ನು ಬಿಡಿಸಿ ತೋರಿಸಿದವರು ಬೇರೆ ಮೂವರು, ಆಧಾರವಾಗಿ ಹಿಡಿದದ್ದು ಈ ಇಬ್ಬರ ಪ್ರಮೇಯವನ್ನು.

ಉದ್ಯೋಗದ ವಿವರ ಚಿಕ್ಕದು. 2004ರಿಂದ ಕ್ಲೇ ಸಂಸ್ಥೆಯ ಫೆಲೋ ಆಗಿ ಪ್ರಿನ್ಸ್‌ಟನ್‌ನಲ್ಲಿ, 2008ರಿಂದ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕಿ. 2010ರಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲಿ ಅಂತರರಾಷ್ಟ್ರೀಯ ಗಣಿತಜ್ಞರ ಮಹಾಸಮ್ಮೇಳನ ನಡೆದಾಗ ಆಹ್ವಾನಿತ ಉಪನ್ಯಾಸಕರ ಪಟ್ಟಿಯಲ್ಲಿ ಅವರ ಹೆಸರಿತ್ತು. ಆ ಸಂಪುಟದಲ್ಲಿ ಅವರ ಲೇಖನವಿದೆ. 2013ರಲ್ಲಿ ಕ್ಯಾನ್ಸರ್ ಕಾಣಿಸಿತು. ಸೋಲ್‌ನಲ್ಲಿ ಪದಕ ಪಡೆಯುವಾಗ ಚಿಕಿತ್ಸೆ ನಡೆಯುತ್ತಿತ್ತು, ಸುದ್ದಿಗಾರರು ಮುತ್ತದಂತೆ ಕೆಲವು ಗಣಿತಜ್ಞೆಯರು ಸುತ್ತ ನಿಂತು ಕಾದರು. 2017ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ಏಳು ದೇಶಗಳ ಪ್ರಜೆಗಳ ಪ್ರವೇಶಕ್ಕೆ ತಡೆ ಹಾಕಿದರು. ಆ ಏಳರಲ್ಲಿ ಇರಾನ್ ಒಂದು. ಗಡಿ ಬಿಗಿಯುತ್ತಿದ್ದ ವರ್ಷದಲ್ಲಿ ಅವರು ತೀರಿಕೊಂಡರು.

ಈಗ ಶನಾಸ್‌ನಾಮೆಯ ವಿಷಯ. ಇರಾನಿನ ಪ್ರತಿ ಪ್ರಜೆಯ ಹುಟ್ಟು, ಹೆತ್ತವರು, ಮದುವೆ, ಮಕ್ಕಳು, ಸಾವು ಎಲ್ಲ ದಾಖಲಾಗುವ ಚಿಕ್ಕ ಪುಸ್ತಕವದು. 'ಶನಾಸ್' ಎಂದರೆ ಗುರುತು. 'ನಾಮೆ' ನಮ್ಮ ರಾಜೀನಾಮೆ, ಪಂಚನಾಮೆಗಳಲ್ಲಿ ಇರುವುದೇ. ಇರಾನಿನ ನಾಗರಿಕ ಸಂಹಿತೆಯ 976ನೆಯ ವಿಧಿಯಂತೆ ಪೌರತ್ವ ಇಳಿಯುವುದು ತಂದೆಯಿಂದ. ತಂದೆ ಇರಾನಿಯಾದರೆ ಮಗು ಜಗತ್ತಿನ ಯಾವ ಮೂಲೆಯಲ್ಲಿ ಹುಟ್ಟಿದರೂ ಇರಾನಿ. ತಾಯಿ ಮಾತ್ರ ಇರಾನಿಯಾದರೆ ಆ ಹಕ್ಕಿಲ್ಲ. ಪರದೇಶದವನನ್ನು ಮದುವೆಯಾಗಲು ಹೆಣ್ಣಿಗೆ ಸರ್ಕಾರದ ಅನುಮತಿ ಬೇಕೆಂದು 1060ನೆಯ ವಿಧಿ ಹೇಳುತ್ತದೆ; ಮುಸ್ಲಿಂ ಹೆಣ್ಣು ಮುಸ್ಲಿಮೇತರನನ್ನು ವರಿಸಿದರೆ ಕಾನೂನು ಅದನ್ನು ಮದುವೆಯೆಂದೇ ಒಪ್ಪುವುದಿಲ್ಲ. ಮರಿಯಮ್ ಮದುವೆಯಾಗಿದ್ದು ಚೆಕ್ ದೇಶದ ಗಣಿತಜ್ಞರನ್ನು. 2011ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಗಳಿಗೆ ತಾಯಿಯ ಹೆಸರಿನ ಬಲದಿಂದ ಶನಾಸ್‌ನಾಮೆ ಸಿಗುವಂತಿರಲಿಲ್ಲ.

'ಇರಾನಿನ ಮಗಳು' ಎಂಬ ಎರಡನೆಯ ಸಿದ್ಧ ಉತ್ತರ ತೂತಾಗುವುದು ಇಲ್ಲಿ. ಮಗಳೆಂದು ಕರೆದ ದೇಶ ಮಗಳ ಮಗಳನ್ನು ಪರದೇಶಿಯಾಗಿ ಕಾಣುತ್ತಿತ್ತು. ಸಾವಿನ ಬೆನ್ನಿಗೇ, 2017ರ ಜುಲೈಯಲ್ಲಿ, ಇರಾನಿನ ಸಂಸತ್ತಾದ ಮಜ್ಲಿಸ್‌ನ ಸುಮಾರು 60 ಮಂದಿ ಸದಸ್ಯರು ಪೌರತ್ವದ ಈ ನಿಯಮ ಬದಲಿಸುವ ಮಸೂದೆಯನ್ನು ತ್ವರೆಗೊಳಿಸಬೇಕೆಂದು ಕೇಳಿದರು; ಆ ಹುಡುಗಿ ತಾಯಿಯ ದೇಶಕ್ಕೆ ತಡೆಯಿಲ್ಲದೆ ಬಂದುಹೋಗುವಂತಾಗಬೇಕು ಎಂಬುದು ಅವರ ಕಾರಣ. ಮಜ್ಲಿಸ್ ಮಸೂದೆಗೆ ಒಪ್ಪಿದ್ದು 2019ರ ಮೇ ತಿಂಗಳಲ್ಲಿ. ಶಾಸನಗಳನ್ನು ಪರಿಶೀಲಿಸುವ ಗಾರ್ಡಿಯನ್ ಕೌನ್ಸಿಲ್ ಒಪ್ಪಿದ್ದು ಅಕ್ಟೋಬರ್ 2ರಂದು.

ಪತ್ರಿಕೆಗಳು ಇದನ್ನು ಮಿರ್ಜಾಖಾನಿಯ ಕೊಡುಗೆಯೆಂಬಂತೆ ಬರೆದದ್ದುಂಟು. ಅಷ್ಟು ಸಲೀಸಲ್ಲ. ಬೇಡಿಕೆ ಅವರಿಗಿಂತ ಹಳೆಯದು. ಇರಾನಿ ತಾಯಿಗೆ ಇರಾನಿನಲ್ಲೇ ಹುಟ್ಟಿದ ಮಕ್ಕಳು 18 ತುಂಬಿದ ಮೇಲೆ ಅರ್ಜಿ ಹಾಕಬಹುದೆಂದು 2006ರಲ್ಲೇ ಒಂದು ಕಾಯಿದೆ ಬಂದಿತ್ತು. ಬಹುಕಾಲದಿಂದ ಕಾಯುತ್ತಿದ್ದವರಲ್ಲಿ ಹೆಚ್ಚಿನವರು ಅಫ್ಘಾನಿಸ್ತಾನದಿಂದ ಬಂದ ಕೂಲಿಕಾರರನ್ನು ಮದುವೆಯಾದ ಬಡ ಹೆಂಗಸರು. ಅವರ ಮಕ್ಕಳಿಗೆ ಶಾಲೆ, ಆಸ್ಪತ್ರೆ, ಕೆಲಸ ಪ್ರತಿಯೊಂದಕ್ಕೂ ಆ ಪುಸ್ತಕ ಬೇಕಿತ್ತು. ವರ್ಷಾನುಗಟ್ಟಲೆ ಆ ಹೆಂಗಸರು ಕೂಗಿದ್ದು ಕೇಳಿಸದ ಕಿವಿಗಳಿಗೆ ಸ್ಟ್ಯಾನ್‌ಫರ್ಡಿನ ಪ್ರಾಧ್ಯಾಪಕಿಯ ಹೆಸರು ಕೇಳಿಸಿತು ಎಂದಷ್ಟೇ ಹೇಳಬಹುದು.

ಹೊಸ ಕಾಯಿದೆಯಲ್ಲಿಯೂ ಷರತ್ತುಗಳಿವೆ. ತಂದೆಯ ಪೌರತ್ವ ತಾನಾಗಿ ಇಳಿಯುತ್ತದೆ. ತಾಯಿಯದಕ್ಕೆ ಅರ್ಜಿ ಬೇಕು, ಮಗುವಿಗೆ 18 ತುಂಬುವವರೆಗೆ ಅದನ್ನು ತಾಯಿಯೇ ಹಾಕಬೇಕು. ಮದುವೆ ಧರ್ಮಶಾಸ್ತ್ರಕ್ಕೆ ಒಪ್ಪುವಂಥದ್ದಾಗಿರಬೇಕು. ಗುಪ್ತಚರ ಇಲಾಖೆಯ ತಪಾಸಣೆಯೂ ಆಗಬೇಕು. ಅರ್ಜಿ ಹಾಕಬೇಕಾದವಳು ತಾಯಿ ಎಂಬ ಮಾತನ್ನು ಓದುವಾಗ, ತಾಯಿ ತೀರಿಹೋದ ಮಗುವೊಂದರ ಹೆಸರಿನಲ್ಲಿ ಈ ಮಸೂದೆಗೆ ವೇಗ ಬೇಡಿದ್ದರು ಎಂಬುದು ನೆನಪಾಗದೆ ಇರದು.